ದೊಡ್ಡ ಡಾಕ್ಟರ ಕೈಗುಣ

ಹೋದ ವಾರ ಮಹಾಲಕ್ಷ್ಮಿ ಲೇಔಟಿನ ಏರಿನಲ್ಲಿ ಒಬ್ಬ ಹುಡುಗಿಗೆ ಹಾಫ್ ಕ್ಲಚ್ ಹೇಳಿಕೊಡುತ್ತಿದ್ದೆ. ಮಳೆ ಹಿಡಿದುಕೊಂಡಿತು. ಗಾಜು ಏರಿಸಿದೆವು. ಹುಡುಗಿ ಅವತ್ತು ಬೆಳಿಗ್ಗೆ ಸ್ಕೂಟರಿನಿಂದ ಬಿದ್ದು ಮೊಣಕೈ ತರಚಿಕೊಂಡು, ಬೆಟಾಡಿನ್ ಬಳಿದುಕೊಂಡು ಬಂದಿದ್ದಳು. ಮುಚ್ಚಿದ ಕಾರಿನಲ್ಲಿ ಒದ್ದೆ ಸೀಟಿನ ವಾಸನೆಗೆ ಆ ಔಷಧದ ವಾಸನೆ ಸೇರಿದ್ದೇ ತಡ, ನಾನು ಗಾಜು ಇಳಿಸಿ ಮುಖ ಹೊರಗೆ ಹಾಕಿದೆ. ‘ಸೈಡಿಗೆ ಹಾಕಮ್ಮ’ ಎಂದೆ. ಅವಳು ತನ್ನಿಂದಲೇ ಏನೋ ಆಯಿತೆಂದು ‘ಸಾರಿ ಆಂಟಿ, ಸಾರಿ’ ಎನ್ನುತ್ತಾ ನಿಲ್ಲಿಸಿದಳು. ಪಾಪ, ಅವಳದ್ದೇನೂ ಇಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಇಡಿಯಾಗಿ ಎದ್ದು ಬಂದು ನನ್ನ ಎದೆಯ ಮೇಲೆ ಕೂರುತ್ತದೆ. ಇಳಿಸಿ ಬರಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಆಗೆಲ್ಲ ಕಲಿಸುವವರ ಸೀಟಿನಲ್ಲಿ ಕೂರುತ್ತಿದ್ದವರು ನಾನಲ್ಲ, ನಮ್ಮ ಯಜಮಾನರು, ರಂಗಸ್ವಾಮಿ. ಮೂಡಲಪಾಳ್ಯದಲ್ಲಿ ನಮ್ಮದೊಂದು ಡ್ರೈವಿಂಗ್ ಸ್ಕೂಲು. ಸ್ಕೂಲು ಎಂದರೆ ಮನೆಯ ಕೆಳಗೆ ಒಂದು ಮಳಿಗೆ, ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಬಾಗಿಲಲ್ಲಿ ಒಂದು ಕಾರು. ನಾನು ಫೋನು ನೋಡಿಕೊಳ್ಳುತ್ತಿದ್ದೆ, ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದೆ. ಕಾರು ಇವರದು. ನಮಗೆ ಮಕ್ಕಳಿಲ್ಲ. ಕಲಿಯಲು ಬಂದವರನ್ನೇ ಮಕ್ಕಳ ಹಾಗೆ ಬೈದುಕೊಂಡು, ಲೈಸೆನ್ಸ್ ಸಿಕ್ಕಿದ ದಿನ ಅವರು ತಂದ ಮೈಸೂರುಪಾಕು ತಿಂದುಕೊಂಡು ಇದ್ದೆವು.

ಕಲಿಸುವ ಕಾರಿನಲ್ಲಿ ಎಡಗಡೆಯ ಸೀಟಿನವರ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಸ್ಟಿಯರಿಂಗ್ ಹಿಡಿದವರು ಗಾಬರಿಯಾದರೆ ಪಕ್ಕದಲ್ಲಿ ಕೂತವರು ಒತ್ತಬೇಕು. ಇವರ ಬಲಗಾಲು ಆ ಬ್ರೇಕಿನ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಇರುತ್ತಿತ್ತು. ಕಲಿಯುವವರ ಪ್ರಾಣ, ರಸ್ತೆಯಲ್ಲಿ ಅಡ್ಡ ಬಂದವರ ಪ್ರಾಣ, ನಮ್ಮ ಅನ್ನ, ಎಲ್ಲವೂ ಆ ಬಲಗಾಲಿನಲ್ಲಿತ್ತು. ಬ್ರೇಕು ಒತ್ತಿದರೂ ಕಲಿಯುವವರಿಗೆ ಅನೇಕ ಸಲ ಗೊತ್ತೇ ಆಗುತ್ತಿರಲಿಲ್ಲ. ತಾವೇ ನಿಲ್ಲಿಸಿದೆವೆಂದು ಬೀಗುತ್ತಿದ್ದರು. ಇವರು ಮೀಸೆಯಲ್ಲೇ ನಗುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಆ ಕಾಲಿಗೆ ನೋವು ಶುರುವಾಯಿತು. ಚಂದ್ರಾ ಲೇಔಟಿನವರೆಗೆ ನಡೆದರೆ ದಾರಿಯಲ್ಲಿ ಅಲ್ಲಲ್ಲಿ ನಿಲ್ಲುತ್ತಿದ್ದರು. ‘ಮೀನಖಂಡ ಹಿಡ್ಕೊಳ್ಳುತ್ತೆ ಕಣೇ, ನಿಂತ್ರೆ ಬಿಡುತ್ತೆ’ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಸಿಗರೇಟು ಬಿಟ್ಟಿದ್ದೇನೆ ಎಂದು ನನಗೆ ಹೇಳಿ, ಮಳಿಗೆಯ ಹಿಂದೆ ನಿಂತು ಸೇದುತ್ತಿದ್ದರು. ಅದು ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಮುಂಗಾರು ಬೀಳುವ ಹೊತ್ತಿಗೆ ಚಪ್ಪಲಿ ಉಜ್ಜಿ ಕಿರುಬೆರಳಿನಲ್ಲಿ ಒಂದು ಗಾಯವಾಯಿತು. ಹಚ್ಚಿದ ಮುಲಾಮಿಗೆ ಲೆಕ್ಕವಿಲ್ಲ, ಗಾಯ ಜಪ್ಪಯ್ಯ ಎಂದರೂ ಮಾಯಲಿಲ್ಲ. ಬೆರಳಿನ ತುದಿ ಕಪ್ಪಗಾಗತೊಡಗಿತು. ಕಾಲು ಮೇಲಿಟ್ಟು ಮಲಗಿದರೆ ಉರಿ. ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡೇ ನಿದ್ದೆ ಮಾಡುವ ಸ್ಥಿತಿ ಬಂತು.

ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಎಡಪಾದದಲ್ಲಿ ಸಿಕ್ಕಿತು, ಬಲಪಾದದಲ್ಲಿ ಸಿಗಲಿಲ್ಲ. ‘ಇದು ಗಾಯದ ಕಾಯಿಲೆ ಅಲ್ಲ ಅಂಕಲ್, ರಕ್ತ ಕೆಳಗಡೆ ಇಳೀತಿಲ್ಲ. ರಕ್ತನಾಳದ ಸರ್ಜನ್ನೇ ನೋಡಬೇಕು’ ಎಂದು ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ನಮ್ಮನ್ನು ನೋಡಿದವನು, ನೋಡಿದವರು ಎನ್ನಬೇಕು, ಇನ್ನೂ ಹುಡುಗನಂತಿದ್ದ ಒಬ್ಬ ಡಾಕ್ಟರು. ಕಾಲಿಗೆ ಕ್ಯಾನ್ವಾಸ್ ಬೂಟು. ಮುಖದಲ್ಲಿ ಅಲ್ಲೊಂದು ಇಲ್ಲೊಂದು ಗಡ್ಡದ ಕೂದಲು. ತೊಡೆಯಿಂದ ಪಾದದವರೆಗೆ ಅಲ್ಲಲ್ಲಿ ಬೆರಳಿಟ್ಟು, ಕಣ್ಣು ಮುಚ್ಚಿಕೊಂಡು ನಾಡಿ ಕೇಳಿದರು. ಎಕ್ಸ್‌ರೇಯಂಥ ಚಿತ್ರ ತೆಗೆಸಿ ತೋರಿಸಿದರು. ತೊಡೆಯ ರಕ್ತನಾಳ ಮೊಣಕಾಲಿನ ಹತ್ತಿರದವರೆಗೂ ಮುಚ್ಚಿಹೋಗಿತ್ತು.

‘ಬಲೂನು ಹಾಕಿ ಬಿಡಿಸೋಷ್ಟು ಚಿಕ್ಕ ಬ್ಲಾಕ್ ಅಲ್ಲ ಅಂಕಲ್. ನಿಮ್ಮ ಕಾಲಿಂದಲೇ ಒಂದು ಸಿರೆ ತೆಗೆದು, ಬ್ಲಾಕ್‌ನ ಮೇಲಿಂದ ಕೆಳಗಡೆಗೆ ಜೋಡಿಸಬೇಕು. ಬೈಪಾಸ್.’

‘ಸಿಗ್ನಲ್ ಜಾಮ್ ಆದ್ರೆ ಫ್ಲೈಓವರ್ ಕಟ್ಟಿದ ಹಾಗೆ’ ಎಂದರು ಇವರು.

‘ಅದೇ. ಬೇಗ ಮಾಡಬೇಕು. ತಡ ಆದ್ರೆ ಬೆರಳಲ್ಲ, ಕಾಲೇ ಹೋಗುತ್ತೆ.’ ಆಮೇಲೆ, ನಾವು ಕೇಳದಿದ್ದರೂ, ಅವರೇ ಹೇಳಿದರು: ‘ನಾನು ಬೇರೆ ಆಪರೇಷನ್ ಮಾಡಲ್ಲ. ಇದೇ ಕೆಲಸ. ವಾರ ವಾರ ಮಾಡ್ತಿರ್ತೀನಿ.’

ಇವರು ಆ ಡಾಕ್ಟರ ಊರು ಯಾವುದು, ತಂದೆ ಏನು ಮಾಡುತ್ತಾರೆ, ಮದುವೆಯಾಗಿದೆಯೇ ಎಂದೆಲ್ಲ ವಿಚಾರಿಸಿಕೊಂಡು ಹೊರಗೆ ಬಂದರು. ಲಿಫ್ಟಿನಲ್ಲಿ ಇಳಿಯುತ್ತಾ ‘ಎಲ್ ಬೋರ್ಡು ಕಣೇ ಅದು’ ಎಂದರು. ಪಕ್ಕದಲ್ಲಿದ್ದ ನರ್ಸಿಗೂ ನಗು ಬಂತು. ನನಗೆ ಬರಲಿಲ್ಲ. ಆ ಹುಡುಗನ ಬೆರಳು ಕಾಲಿನ ಮೇಲೆ ಓಡಾಡಿದ ರೀತಿ ನನಗೆ ಹಿಡಿಸಿತ್ತು.

ನಾವು ಅಲ್ಲಿಂದ ನೇರವಾಗಿ ರಾಜಾಜಿನಗರಕ್ಕೆ ಹೋದೆವು. ಹೋದೆವು ಏನು, ಇವರು ಹೊರಟರು, ನಾನು ಹಿಂದೆ ಹೋದೆ. ಅಲ್ಲೊಂದು ಹಳೆಯ ನರ್ಸಿಂಗ್ ಹೋಮಿತ್ತು. ಮನೆಯನ್ನೇ ಬೆಳೆಸಿ ಆಸ್ಪತ್ರೆ ಮಾಡಿದ್ದು. ಅದರ ಸರ್ಜನ್ನರನ್ನು ನಮ್ಮ ಕಡೆಯವರೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಬೆಳ್ಳಗಿನ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಕಂಡೂ ಕಾಣದಷ್ಟು ಕುಂಕುಮ. ನನ್ನ ಅತ್ತೆಯ ಪಿತ್ತಕೋಶದ ಕಲ್ಲು ತೆಗೆದವರು ಅವರು, ನನ್ನ ತಮ್ಮನ ಹರ್ನಿಯಾ ಸರಿಮಾಡಿದವರು ಅವರು, ನನ್ನ ಗರ್ಭಕೋಶ ತೆಗೆದವರೂ ಅವರೇ. ಕುರುಬರಹಳ್ಳಿಯಿಂದ ಮೂಡಲಪಾಳ್ಯದವರೆಗೆ ಅವರ ಹೊಲಿಗೆಯ ಗುರುತಿಲ್ಲದ ಮನೆಯನ್ನು ಹುಡುಕಬೇಕಿತ್ತು. ನನ್ನ ಹೊಟ್ಟೆಯ ಮೇಲಿನ ಗುರುತು ಇವತ್ತಿಗೂ ಒಂದು ಎಳೆಯಷ್ಟೇ ಇದೆ. ಅವರು ಕೆಟ್ಟ ಡಾಕ್ಟರಾಗಿದ್ದರೆ ಈ ಬರಹ ಬರೆಯುವುದು ಸುಲಭವಾಗುತ್ತಿತ್ತು.

ಅವರ ಮಗಳು ಕಾರು ಕಲಿತದ್ದು ನಮ್ಮಲ್ಲಿ. ಅಂದಿನಿಂದ ಇವರನ್ನು ‘ಮೇಷ್ಟ್ರೇ’ ಎಂದು ಕರೆಯುತ್ತಿದ್ದರು. ಅಷ್ಟು ದೊಡ್ಡವರು ಮೇಷ್ಟ್ರೇ ಎಂದರೆ ನಮ್ಮ ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅವತ್ತು ಕೂಡ ಅವರು ಎದ್ದು ಬಂದು ಇವರ ಭುಜ ಹಿಡಿದು ಕೂರಿಸಿದರು. ಚಿತ್ರಗಳನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ‘ಹೂಂ. ಬೈಪಾಸೇ ಆಗಬೇಕು’ ಎಂದರು.

‘ನೀವೇ ಮಾಡ್ಬೇಕು ಸಾರ್’ ಎಂದರು ಇವರು. ‘ಬೇರೆಯವರ ಕೈಗೆ ನನ್ನ ಕಾಲು ಕೊಡಲ್ಲ.’

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ‘ಈಗ ಇದಕ್ಕೇ ಅಂತ ಹುಡುಗರು ಬಂದಿದಾರೆ ಮೇಷ್ಟ್ರೇ’ ಎಂದರು.

‘ಹುಡುಗರು ಹುಡುಗರೇ ಸಾರ್. ನೀವು ಮುಟ್ಟಿದ್ರೆ ಅರ್ಧ ವಾಸಿ.’

ಅವರು ನಕ್ಕರು. ಆ ನಗುವಿನಲ್ಲಿ ಸಂತೋಷವೂ ಇತ್ತು, ಅದನ್ನು ನಾನು ನೋಡಿದೆ. ‘ಆಯ್ತು, ಮಾಡೋಣ. ಮುಂಚೆ ನಾನೂ ಮಾಡ್ತಿದ್ದೆ.’

ಮುಂಚೆ ಎಂದರೆ ಯಾವಾಗ? ಎಷ್ಟು? ನನ್ನ ಬಾಯಿಗೆ ಬಂತು. ‘ಸಾರ್, ಈ ಥರದ್ದು ನೀವು...’ ಎನ್ನುವಷ್ಟರಲ್ಲಿ ಇವರು ನನ್ನ ಮಾತಿನ ಮೇಲೆ ಮಾತು ಹಾಕಿದರು: ‘ಇವಳಿಗೆ ಆಸ್ಪತ್ರೆ ಅಂದ್ರೆ ಮೊದಲಿಂದ ಭಯ ಸಾರ್. ನೀವು ಇದೀರಲ್ಲ, ಇನ್ನೇನು.’ ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿ ‘ಭಯ ಬೇಡಮ್ಮ’ ಎಂದರು. ಅಲ್ಲಿಗೆ ಮಾತು ಮುಗಿಯಿತು.

ನಾವು ಬೋರ್‌ವೆಲ್ ಮೋಟಾರು ಬಿಚ್ಚಲು ಬಂದವನನ್ನು ‘ಈ ಕಂಪನಿದು ಮುಂಚೆ ಬಿಚ್ಚಿದೀಯೇನಪ್ಪಾ’ ಎಂದು ಕೇಳುತ್ತೇವೆ. ಅಡುಗೆ ಭಟ್ಟರನ್ನು ಎಷ್ಟು ಎಲೆ ಅಡುಗೆ ಮಾಡಿದ್ದೀರಿ ಎಂದು ಕೇಳಿಯೇ ಮದುವೆಗೆ ವೀಳ್ಯ ಕೊಡುತ್ತೇವೆ. ಮೈ ಕುಯ್ಯುವ ಡಾಕ್ಟರನ್ನು ಮಾತ್ರ ಕೇಳುವುದಿಲ್ಲ. ಕೇಳಿದರೆ ಅವಮಾನ. ಊರು ಕೇಳಬಹುದು, ಕುಲ ಕೇಳಬಹುದು, ಮಕ್ಕಳೆಷ್ಟು ಎಂದು ಕೇಳಬಹುದು. ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ, ಎಷ್ಟು ಜನ ನಡೆದುಕೊಂಡು ಮನೆಗೆ ಹೋದರು ಎಂದು ಕೇಳಬಾರದು.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. ‘ಆ ಹುಡುಗ ದಿನಾ ಇದೇ ಕೆಲಸ ಮಾಡ್ತಾನಂತೆ. ಅವನ ಹತ್ರಾನೇ ಮಾಡಿಸ್ಕೊಳ್ಳಿ ಅಂದ್ರೆ ಯಾಕ್ರೀ ಹಟ?’

‘ಪದ್ಮ, ಇದು ಕತ್ತಿ ಹಾಕೋ ಕೆಲಸ. ನಮ್ಮವರು ಅಂತ ಒಬ್ರು ಇರುವಾಗ ಕಂಡ್ ಕಂಡವರ ಮುಂದೆ ಕಾಲು ಚಾಚಕ್ಕಾಗಲ್ಲ.’

ನಮ್ಮಲ್ಲಿ ಹಳೇ ಲೈಸೆನ್ಸಿನವರು ಎಂದೇ ಒಂದು ತಂಡ ಬರುತ್ತಿತ್ತು. ಎಂದೋ ಲೈಸೆನ್ಸ್ ತೆಗೆದುಕೊಂಡು, ಆಮೇಲೆ ಕಾರು ಮುಟ್ಟದೆ, ನಿವೃತ್ತಿಯ ಹೊತ್ತಿಗೆ ಮತ್ತೆ ಕಲಿಯಲು ಬಂದ ಬ್ಯಾಂಕಿನವರು, ಮೇಷ್ಟ್ರುಗಳು. ‘ನಂಗೆ ಬರುತ್ತೆ ರಂಗಸ್ವಾಮಿ, ಸುಮ್ನೆ ಒಂದ್ ರೌಂಡ್’ ಎನ್ನುತ್ತಿದ್ದರು. ಇವರಿಗೆ ಹೊಸಬರಿಗಿಂತ ಅವರ ಮೇಲೆಯೇ ಹೆಚ್ಚು ಕಣ್ಣು. ನಾನು ಅದನ್ನೇ ತೆಗೆದೆ. ‘ನೀವೇ ಹೇಳ್ತೀರಲ್ಲ, ಲೈಸೆನ್ಸು ಪೆಟ್ಟಿಗೇಲಿರುತ್ತೆ, ಡ್ರೈವಿಂಗು ಕೈಕಾಲಲ್ಲಿರುತ್ತೆ ಅಂತ. ಓಡಿಸ್ತಾ ಇಲ್ದಿದ್ರೆ ಮರೆತುಹೋಗುತ್ತೆ ಅಂತ. ಅದು ಡಾಕ್ಟ್ರಿಗೆ ಇಲ್ವಾ?’

‘ಇಲ್ಲ. ಡಾಕ್ಟ್ರಿಗೆ ಕೈಗುಣ ಅಂತ ಇರುತ್ತೆ. ಅದು ದೇವ್ರು ಕೊಟ್ಟಿದ್ದು, ತುಕ್ಕು ಹಿಡಿಯಲ್ಲ.’

ಕೈಗುಣ. ನನ್ನ ಅತ್ತೆ, ನನ್ನ ತಾಯಿ ಎಲ್ಲರೂ ಹೇಳುತ್ತಿದ್ದ ಮಾತು. ಒಬ್ಬರು ನೆಟ್ಟ ಕರಿಬೇವು ಹತ್ತುತ್ತದೆ, ಇನ್ನೊಬ್ಬರದು ಹತ್ತುವುದಿಲ್ಲ. ಒಬ್ಬರು ಮುಟ್ಟಿದರೆ ಜ್ವರ ಇಳಿಯುತ್ತದೆ. ನಾನೂ ಅದನ್ನು ನಂಬಿದವಳೇ. ಕೈಗುಣ ಒಂದು, ಕೈ ಪಳಗುವುದು ಇನ್ನೊಂದು ಎಂದು ಬಿಡಿಸಿ ಹೇಳುವ ಬುದ್ಧಿ ಅವತ್ತು ನನಗೆ ಬರಲಿಲ್ಲ.

ಅಮಾವಾಸ್ಯೆ ಕಳೆದ ಮೇಲೆ ಆಪರೇಷನ್ ಇಟ್ಟುಕೊಂಡರು. ಆ ದಿನ ಬೆಳಿಗ್ಗೆಯಿಂದ ಜಿಟಿ ಜಿಟಿ ಮಳೆ. ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಮರದ ಬೆಂಚು. ಕಿಟಕಿಯಾಚೆ ಕಬ್ಬಿಣದ ಬೀರು ತಯಾರಿಸುವ ಒಂದು ಶೆಡ್ಡು. ಅಲ್ಲಿ ತಗಡು ಬಡಿಯುವ ಸದ್ದು ನಿಂತು ಮತ್ತೆ ಶುರುವಾಗುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ ಎಂದಿದ್ದರು. ಊಟದ ಹೊತ್ತು ಹೋಯಿತು, ಕಾಫಿಯ ಹೊತ್ತು ಹೋಯಿತು. ಶೆಡ್ಡಿನವರು ಕೆಲಸ ಮುಗಿಸಿ ಕೈ ತೊಳೆದು ಹೊರಟರು. ಒಳಗಿನಿಂದ ಬಂದ ನರ್ಸನ್ನು ಕೇಳಿದರೆ ‘ಸಿರೆ ಸಣ್ಣದಿದೆಯಂತೆ ಆಂಟಿ, ನಿಧಾನವಾಗ್ತಿದೆ’ ಎಂದಳು. ನಿಧಾನವೇ ಪ್ರಧಾನ ಎಂದು ನನಗೆ ನಾನೇ ಹೇಳಿಕೊಂಡೆ. ಬೀದಿ ದೀಪ ಹತ್ತಿದ ಮೇಲೆ ದೊಡ್ಡ ಡಾಕ್ಟರು ಹೊರಗೆ ಬಂದರು. ಬೆನ್ನು ನೆಟ್ಟಗೆ ಮಾಡಲಾರದೆ ಗೋಡೆ ಹಿಡಿದುಕೊಂಡರು. ‘ಆಯ್ತಮ್ಮ. ರಕ್ತ ಓಡ್ತಾ ಇದೆ’ ಎಂದರು.

ಮಾರನೆಯ ದಿನ ನಾನು ಆ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು! ಎಷ್ಟೋ ತಿಂಗಳಿಂದ ತಣ್ಣಗಿದ್ದ ಪಾದ ಬೆಚ್ಚಗಿತ್ತು. ನಾನು ಅಳುತ್ತಿದ್ದರೆ ಇವರು ‘ನೋಡ್ದಾ ಕೈಗುಣ?’ ಎಂದು ಹುಬ್ಬು ಹಾರಿಸಿದರು. ನಾನು ಸೋತೆ ಎಂದು ಒಪ್ಪಿಕೊಂಡೆ. ಸೋತದ್ದರಲ್ಲಿ ಅಷ್ಟು ಸಂತೋಷ ನನಗೆ ಮತ್ತೆಂದೂ ಸಿಕ್ಕಿಲ್ಲ. ಬಿಸಿಬಿಸಿ ಇಡ್ಲಿ ತಿಂದರು. ನಡೆದಾಡಲು ಶುರು ಮಾಡಿದ ಮೇಲೆ ಮೊದಲು ಯಾರಿಗೆ ಕ್ಲಾಸು ಕೊಡಬೇಕು ಎಂದು ಲೆಕ್ಕ ಹಾಕಿದರು.

ಎರಡು ದಿನವೂ ಆಗಿರಲಿಲ್ಲ. ಸಂಜೆ ಕಾಲಿಗೆ ಹೊದಿಸಲು ಹೋದವಳಿಗೆ ಪಾದ ತಣ್ಣಗೆ ತಾಗಿತು. ಮಳೆಯ ಥಂಡಿ ಇರಬೇಕೆಂದು ಎರಡೂ ಅಂಗೈಯಲ್ಲಿ ಹಿಡಿದು ಉಜ್ಜಿದೆ. ಎಡಪಾದ ಮುಟ್ಟಿದೆ, ಅದು ಬೆಚ್ಚಗಿತ್ತು. ನರ್ಸನ್ನು ಕೂಗುತ್ತಾ ಹೊರಗೆ ಓಡಿದೆ.

ದೊಡ್ಡ ಡಾಕ್ಟರು ಓಡಿ ಬಂದರು. ಜೋಡಿಸಿದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ಒಳಗೆ ಕರೆದುಕೊಂಡು ಹೋಗಿ ಹೆಪ್ಪು ತೆಗೆದರು. ಪಾದ ಸ್ವಲ್ಪ ಬಣ್ಣ ಕಂಡಿತು. ಬೆಳಗಾಗುವಷ್ಟರಲ್ಲಿ ಮತ್ತೆ ಬಿಳುಚಿಕೊಂಡಿತು. ಇವರಿಗೆ ನೋವು ಎಷ್ಟಿತ್ತೆಂದರೆ, ಕಲಿಯುವವರು ಗೋಡೆಗೆ ಗುದ್ದಿದರೂ ದನಿ ಏರಿಸದ ಮನುಷ್ಯ, ಹಲ್ಲು ಕಚ್ಚಿಕೊಂಡು ‘ಅವ್ವಾ’ ಎಂದು ಒಂದೇ ಸಮನೆ ನರಳುತ್ತಿದ್ದರು. ದೊಡ್ಡ ಡಾಕ್ಟರು ಮಂಚದ ಪಕ್ಕ ನಿಂತು ಪಾದ ಹಿಡಿದುಕೊಂಡಿದ್ದರು. ಅವರ ಮುಖ ನೋಡಿದೆ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುವಾಗ ಕಲಿಯುವವರ ಮುಖ ಹೀಗೆಯೇ ಇರುತ್ತದೆ.

ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಲೇಬೇಕು. ತಾವೇ ಆ ಹುಡುಗ ಡಾಕ್ಟರಿಗೆ ಫೋನು ಮಾಡಿದರು. ನನ್ನ ಎದುರಿಗೇ ಮಾಡಿದರು. ‘ನನ್ನ ಕೈಲಿ ಆಗ್ತಿಲ್ಲ, ಬನ್ನಿ ಸ್ವಲ್ಪ’ ಎಂದರು. ಆ ವಯಸ್ಸಿನಲ್ಲಿ, ಆ ಹೆಸರಿನವರಿಗೆ, ಅದು ಎಷ್ಟು ಕಷ್ಟದ ಮಾತು ಎಂದು ನನಗೆ ಗೊತ್ತು. ಒಂದು ವಾರ ಮೊದಲು ಆ ಮಾತು ಬಂದಿದ್ದರೆ ನಾನು ಅವರ ಪಾದಕ್ಕೆ ಬೀಳುತ್ತಿದ್ದೆ.

ಹುಡುಗ ಡಾಕ್ಟರು ನೆನೆದುಕೊಂಡೇ ಬಂದರು. ಕಾಲು ನೋಡಿದರು, ಕೂಡಲೇ ಆಂಬುಲೆನ್ಸಿಗೆ ಹೇಳಿದರು. ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಿತ್ತು. ಸ್ಟ್ರೆಚರಿನಲ್ಲಿ ಕೆಳಗಿಳಿಸುವಾಗ ಇವರು ನನ್ನ ಸೆರಗು ಹಿಡಿದು ಎಳೆದರು. ಏನೋ ಕೊನೆಯ ಮಾತು ಹೇಳುತ್ತಾರೆಂದು ಬಗ್ಗಿದೆ.

‘ದೊಡ್ಡ ಡಾಕ್ಟ್ರಿಗೆ ಒಂದ್ ಮಾತು ಹೇಳ್ಬಿಟ್ ಬಾ. ಅವರಿಗೆ ಬೇಜಾರಾಗಿರುತ್ತೆ.’

‘ನಿಮ್ಮ ಕಾಲು ಹೋಗ್ತಾ ಇದೆ ಕಣ್ರೀ!’ ಎಂದು ಕಿರುಚಿದೆ. ‘ಅವರ ಬೇಜಾರು ಕಟ್ಕೊಂಡು ಏನ್ ಮಾಡ್ತೀರಿ?’ ಕಾರಿಡಾರಿನಲ್ಲಿ ಇದ್ದವರೆಲ್ಲ ನನ್ನನ್ನೇ ನೋಡಿದರು. ದೊಡ್ಡ ಡಾಕ್ಟರೂ ಬಾಗಿಲಲ್ಲಿ ನಿಂತಿದ್ದರು. ನಾನು ಹೇಳದೆಯೇ ಆಂಬುಲೆನ್ಸ್ ಹತ್ತಿದೆ. ರಾಜ್‌ಕುಮಾರ್ ರಸ್ತೆಯಲ್ಲಿ ನೀರು ನಿಂತು ವಾಹನಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸೈರನ್ನು ಕೂಗುತ್ತಲೇ ಇತ್ತು, ಸರಿಯಲು ಯಾರಿಗೂ ಜಾಗವಿರಲಿಲ್ಲ. ಆ ನೋವಿನಲ್ಲೂ ಇವರು ಆಂಬುಲೆನ್ಸ್ ಡ್ರೈವರಿಗೆ ‘ಸರ್ವೀಸ್ ರೋಡ್ ಹಿಡಿಯಪ್ಪಾ’ ಎನ್ನುತ್ತಿದ್ದರು.

ಹುಡುಗ ಡಾಕ್ಟರು ಕಾಲನ್ನು ಮತ್ತೆ ತೆರೆದರು. ಕೆಳಗಿನ ಜೋಡಣೆಯನ್ನು ಬಿಚ್ಚಿ, ಎಡಗಾಲಿನ ಸಿರೆ ತೆಗೆದು ಹೊಸದಾಗಿ ಕೂರಿಸಿದರು. ಈ ಸಲ ರಕ್ತ ಓಡಿತು. ಆದರೆ ಓಡಲು ಕೆಳಗೆ ಜೀವವಿರುವ ಮಾಂಸ ಉಳಿದಿರಲಿಲ್ಲ. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿತ್ತು. ಕಾಲನ್ನು ಬಿಟ್ಟರೆ ಅದರ ವಿಷ ಮೈಗೆಲ್ಲ ಏರುತ್ತದೆ, ಮೂತ್ರಪಿಂಡ ನಿಂತುಹೋಗುತ್ತದೆ ಎಂದರು. ಮೊಣಕಾಲಿನ ಮೇಲಿಂದಲೇ ಕಾಲು ತೆಗೆಯಬೇಕು.

ಕಾಗದಕ್ಕೆ ನಾನು ಸಹಿ ಹಾಕಿದೆ. ಹಾಕಿ, ಅವರನ್ನು ಕೇಳಿದೆ: ‘ಸಾರ್, ನಿಜ ಹೇಳಿ. ಮೊದಲೇ ನಿಮ್ಮ ಹತ್ರ ಮಾಡಿಸಿದ್ದಿದ್ರೆ ಕಾಲು ಉಳೀತಿತ್ತಾ?’

ಅವರು ನನ್ನ ಪಕ್ಕದಲ್ಲೇ ಕುರ್ಚಿಯ ತುದಿಯಲ್ಲಿ ಕೂತರು. ‘ಉಳೀತಿತ್ತು ಅಂತ ಹೇಳಕ್ಕಾಗಲ್ಲ ಆಂಟಿ. ನಾನು ಮಾಡಿದ್ರಲ್ಲೂ ಕೆಲವು ಮುಚ್ಚಿಹೋಗಿವೆ, ಕೆಲವರ ಕಾಲು ಹೋಗಿದೆ. ಇದು ಅಂಥ ಕಾಯಿಲೆ. ಉಳಿಯೋ ಸಾಧ್ಯತೆ ಜಾಸ್ತಿ ಇರ್ತಿತ್ತು. ಅಷ್ಟು ಹೇಳಬಹುದು.’

‘ದೊಡ್ಡ ಡಾಕ್ಟ್ರು ಏನು ತಪ್ಪು ಮಾಡಿದ್ರು?’

‘ದೊಡ್ಡ ತಪ್ಪೇನಿಲ್ಲ. ಸಿರೆ ಒಂದು ಕಡೆ ಸ್ವಲ್ಪ ತಿರುಚಿಕೊಂಡಿತ್ತು, ಕೆಳಗಡೆ ಹೊಲಿಗೆ ಬಿಗಿಯಾಗಿತ್ತು. ಅವರ ಹತ್ರ ನಾನು ಹರ್ನಿಯಾ ಮಾಡೋದು ಕಲೀಬೇಕು, ಅಂಥ ಕೈ ಅವರದು. ಆದ್ರೆ ಇದು ಬೇರೆ ಕೆಲಸ. ಕೂದಲಿನಂಥ ದಾರ, ತೆಳ್ಳಗಿನ ನಾಳ. ಮಾಡ್ತಾ ಮಾಡ್ತಾ ಇದ್ರೆ, ಹೊಲಿಗೆ ಮುಚ್ಚೋಕೆ ಮುಂಚೆನೇ ಎಲ್ಲೋ ಸರಿಯಿಲ್ಲ ಅಂತ ಬೆರಳಿಗೆ ಗೊತ್ತಾಗುತ್ತೆ. ಆವಾಗಲೇ ಬಿಚ್ಚಿ ಮತ್ತೆ ಮಾಡ್ತೀವಿ. ಅಪರೂಪಕ್ಕೆ ಮಾಡೋರಿಗೆ ಮಾರನೇ ದಿನ ಗೊತ್ತಾಗುತ್ತೆ.’

ಅವರು ಎದ್ದು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಆಪರೇಷನ್ ಮಾಡಿದವರ ಮೇಲೋ, ಮಾಡಿಸಿಕೊಂಡವರ ಮೇಲೋ? ತಾನು ನಂಬಿದವರಿಗೆ ಕಾಲು ಕೊಟ್ಟ ಮನುಷ್ಯನನ್ನು ಬೈಯುವುದು ಹೇಗೆ? ನಂಬಿಸಿಕೊಂಡವರನ್ನು ಬೈಯುವುದಾದರೂ ಹೇಗೆ? ಇಬ್ಬರೂ ಒಳ್ಳೆಯವರು. ಇಬ್ಬರು ಒಳ್ಳೆಯವರ ನಡುವೆ ಒಂದು ಕಾಲು ಹೋಯಿತು.

ಮನೆಗೆ ಬಂದಾಗ ಶ್ರಾವಣದ ಹಬ್ಬಗಳು ಮುಗಿದಿದ್ದವು. ಮಹಡಿಯ ಮೆಟ್ಟಿಲು ಹತ್ತಿಸಲಾಗದೆ ಮಳಿಗೆಯಲ್ಲೇ ಮಂಚ ಹಾಕಿದೆವು, ರಸ್ತೆ ಚಿಹ್ನೆಗಳ ಪಟದ ಕೆಳಗೆ. ಇಲ್ಲದ ಪಾದ ಉರಿಯುತ್ತದೆ ಎನ್ನುತ್ತಿದ್ದರು. ಇಲ್ಲದ ಕಿರುಬೆರಳು ತುರಿಸುತ್ತದೆ ಎನ್ನುತ್ತಿದ್ದರು. ನಾನು ಹೊದಿಕೆಯ ಮೇಲೆ, ಖಾಲಿ ಜಾಗದಲ್ಲಿ ಕೆರೆದ ಹಾಗೆ ಮಾಡುತ್ತಿದ್ದೆ. ಹುಚ್ಚು ಎನ್ನಿ, ಅವರಿಗೆ ಸ್ವಲ್ಪ ಹಾಯೆನಿಸುತ್ತಿತ್ತು. ಕಲಿಯಲು ಬಂದವರು ಹಣ್ಣು ತಂದುಕೊಟ್ಟು, ಮುಂದಿನ ತಿಂಗಳು ಬರುತ್ತೇವೆಂದು ಹೇಳಿ ಹೋದರು. ಬೇರೆ ಸ್ಕೂಲು ಸೇರಿಕೊಂಡರು. ತಪ್ಪೇನು? ಹೊಟ್ಟೆಪಾಡಿಗೆ ನಾನೇ ಎಡಗಡೆಯ ಸೀಟಿಗೆ ಬಂದೆ. ಮೊದಮೊದಲು ನನ್ನ ಬಲಗಾಲು ಯಾವಾಗಲೂ ತಡವಾಗಿ ಒತ್ತುತ್ತಿತ್ತು. ಪಳಗಲು ಬಹಳ ತಿಂಗಳು ಬೇಕಾಯಿತು. ಆ ತಿಂಗಳುಗಳಲ್ಲಿ ನನ್ನ ಪಕ್ಕ ಕೂತು ಕಲಿತವರನ್ನು ನೆನೆದರೆ ನನಗೇ ಎದೆ ನಡುಗುತ್ತದೆ.

ಆಯುಧಪೂಜೆ ಮುಗಿದ ಮೇಲೆ ಒಂದು ಸಂಜೆ ದೊಡ್ಡ ಡಾಕ್ಟರು ಬಂದರು. ಹೇಳಿ ಕಳಿಸದೆ, ಒಬ್ಬರೇ, ಕೈಯಲ್ಲಿ ಸೇಬಿನ ಚೀಲ ಹಿಡಿದುಕೊಂಡು. ತುಂಬ ಇಳಿದುಹೋಗಿದ್ದರು. ಇವರು ಆಗ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ‘ಬನ್ನಿ ಸಾರ್, ಬನ್ನಿ’ ಎಂದು ಕುರ್ಚಿಯ ಕೈ ಒತ್ತಿ ಮೇಲೇಳಲು ನೋಡಿದರು. ನಾನು ಭುಜ ಹಿಡಿದು ಕೂರಿಸಿದೆ. ಡಾಕ್ಟರು ಎದುರಿಗೆ ಕೂತರು. ಹೇಗಿದ್ದೀರಿ ಮೇಷ್ಟ್ರೇ ಎಂದು ಕೇಳಿದರು. ಕೇಳಿ, ತಾವೇ ತಲೆ ತಗ್ಗಿಸಿದರು. ಕೃತಕ ಕಾಲಿನ ಮಾತು ಬಂತು, ಸಕ್ಕರೆಯ ಮಾತು ಬಂತು. ಕಾಫಿ ಕೊಟ್ಟೆ. ಲೋಟ ವಾಪಸು ಇಸಿದುಕೊಳ್ಳುವಾಗ ನನಗೆ ತಡೆಯಲಾಗಲಿಲ್ಲ.

‘ಸಾರ್, ಒಂದು ಕೇಳ್ಲಾ? ಕಾಲಿನ ಬೈಪಾಸು ನೀವು ಇದಕ್ಕಿಂತ ಮುಂಚೆ ಯಾವಾಗ ಮಾಡಿದ್ರಿ?’

‘ಪದ್ಮ!’ ಎಂದರು ಇವರು.

ದೊಡ್ಡ ಡಾಕ್ಟರು ಕೈ ಎತ್ತಿ ಇವರನ್ನು ತಡೆದರು. ‘ಕೇಳ್ಲಿ ಮೇಷ್ಟ್ರೇ.’ ಆಮೇಲೆ ನನ್ನ ಕಡೆ ನೋಡಿದರು. ‘ಎಷ್ಟೋ ವರ್ಷದ ಹಿಂದೆ ಅಮ್ಮ. ಮಾಡಿದ್ದೂ ಕೆಲವೇ. ಆವಾಗ ಇದಕ್ಕೇ ಅಂತ ಬೇರೆ ಸರ್ಜನ್ನು ಎಲ್ಲಿದ್ರು, ನಾವೇ ಎಲ್ಲಾ ಮಾಡ್ತಿದ್ವಿ.’ ಸ್ವಲ್ಪ ತಡೆದು ಹೇಳಿದರು: ‘ನೀವು ಅವತ್ತು ಕೇಳಿದ್ದಿದ್ರೆ ನಿಜಾನೇ ಹೇಳ್ತಿದ್ದೆ. ಆ ಹುಡುಗನ ಹತ್ರಾನೇ ಕಳಿಸ್ತಿದ್ದೆ.’

‘ನಾವು ಕೇಳಲ್ಲ ಅಂತ ನಿಮಗೆ ಗೊತ್ತಿತ್ತಲ್ಲ ಸಾರ್’ ಎಂದೆ.

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಇವರು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು, ಕಿವಿ ಕೆಂಪಗಾಗಿತ್ತು. ಮನೆಗೆ ಬಂದ ದೊಡ್ಡವರನ್ನು ಹೆಂಡತಿ ಹೀಗೆ ಕೇಳಿದಳಲ್ಲ ಎಂಬ ನಾಚಿಕೆ ಅದು. ಕಾಲು ಹೋದದ್ದಕ್ಕೂ ಅವರು ಅಷ್ಟು ಕುಗ್ಗಿದ್ದನ್ನು ನಾನು ನೋಡಿರಲಿಲ್ಲ. ಹೊರಗೆ ಮೋಡ ಕವಿದು ಮಳಿಗೆಯೊಳಗೆ ಕತ್ತಲಾಗಿತ್ತು. ದೀಪ ಹಾಕಬೇಕೆಂದು ಯಾರಿಗೂ ತೋಚಲಿಲ್ಲ.

‘ಬರ್ತೀನಿ ಮೇಷ್ಟ್ರೇ’ ಎಂದು ಡಾಕ್ಟರು ಎದ್ದು ಕೈ ಮುಗಿದರು.

ಇವರೂ ಎದ್ದರು. ನಾನು ಲೋಟ ಹಿಡಿದು ದೂರ ನಿಂತಿದ್ದೆ, ಹಿಡಿದುಕೊಳ್ಳಲು ಆಗಲಿಲ್ಲ. ದೊಡ್ಡವರು ಎದ್ದು ನಿಂತಾಗ ಕೂತಿರಬಾರದು ಎಂಬುದು ಅವರ ಮೈಯಲ್ಲಿತ್ತು, ಮೈ ಎದ್ದುಬಿಟ್ಟಿತು. ಎರಡೂ ಕೈ ಜೋಡಿಸಿ, ಬಲಗಾಲು ಇರಬೇಕಾದ ಕಡೆ ಪೂರ್ತಿ ಭಾರ ಹಾಕಿ ಎದ್ದರು. ಜೋಡಿಸಿದ ಕೈಯನ್ನು ಬಿಡಿಸಿಕೊಳ್ಳುವಷ್ಟೂ ಸಮಯ ಸಿಗದೆ ಮುಖ ಅಡಿಯಾಗಿ ಡಾಕ್ಟರ ಪಾದದ ಹತ್ತಿರ ಬಿದ್ದರು.

ಡಾಕ್ಟರು ‘ಅಯ್ಯೋ ಮೇಷ್ಟ್ರೇ’ ಎಂದು ಅಲ್ಲೇ ಕುಸಿದು ಕೂತರು. ಇಬ್ಬರೂ ಸೇರಿ ಹೊರಳಿಸಿದೆವು. ತುಟಿ ಒಡೆದು ರಕ್ತ ಬರುತ್ತಿತ್ತು. ಇವರು ನನ್ನ ಕಡೆ ನೋಡಲೇ ಇಲ್ಲ.

‘ಏನೂ ಆಗಿಲ್ಲ ಸಾರ್’ ಎಂದರು ಅವರಿಗೆ, ನೆಲದ ಮೇಲಿನಿಂದಲೇ. ‘ನೀವು ಹೊರಡಿ. ಮಳೆ ಬರೋ ಹಾಗಿದೆ.’